ಎರಡು ಉದ್ದ, ಒಂದು ಗಿಡ್ಡ

ಕಂತು ಹನ್ನೊಂದು

"ಮೇಲಿನ ಮುಚ್ಚಳ ತೆಗೀಪ್ಪಾ," ಎಂದರು ಶಿವಗಂಗಮ್ಮ.

ರಜನೀಶ್ ತಲೆ ಕೆರೆದುಕೊಂಡ. ಮರ ಕುಯ್ಯುವ ಹಳೆಯ ಮಿಷನ್ ಕೊಳ್ಳಲು ಬಂದವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಪೆಟ್ರೋಲು ಎಷ್ಟು ಕುಡಿಯುತ್ತದೆ ಅನ್ನುತ್ತಾರೆ, ಕೊನೆಗೆ ಇನ್ನೊಂದು ಸಲ ಬೆಲೆ ಕೇಳಿ ಬೀಡಿ ಹಚ್ಚಿಕೊಂಡು ಹೋಗುತ್ತಾರೆ. ಹೊಳೆನರಸೀಪುರದಿಂದ ಬಂದಿದ್ದ ಈ ಸಾಮಿಲ್ಲಿನ ಯಜಮಾನಿ ಅರ್ಧ ಗಂಟೆಯಾದರೂ ಬೆಲೆಯ ಸುದ್ದಿ ಎತ್ತಿರಲಿಲ್ಲ. ಬಂದ ಕೂಡಲೇ ಸ್ಟಾರ್ಟು ಮಾಡುವ ಹಗ್ಗದ ಹಿಡಿಯಿಂದ ಮಿಷನ್ನನ್ನು ಅವನ ಕೈಯಲ್ಲೇ ತೂಗಿಬಿಡಿಸಿ, ಅದು ಎಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ ಎಂದು ನೋಡಿದ್ದರು. ಎಂಜಿನ್ನಿನ ಬಿಗಿಯನ್ನು ಹೀಗೆ ಅಳೆಯಬಹುದೆಂದು ಗೊತ್ತಿದ್ದ ಗಿರಾಕಿ ಅವನಿಗೆ ಸಿಕ್ಕಿದ್ದು ಇದೇ ಮೊದಲು.

ಚನ್ನರಾಯಪಟ್ಟಣ ಮುಗಿದು ಶ್ರವಣಬೆಳಗೊಳದ ರಸ್ತೆ ಶುರುವಾಗುವ ಕಡೆ ಇತ್ತು ಅವನ ಅಂಗಡಿ. ಹಳೆ ಟಿಲ್ಲರು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಕ್ಯಾನು ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಶುಕ್ರವಾರದ ನಡು ಮಧ್ಯಾಹ್ನ. ಕರೆಂಟು ಹೋಗಿತ್ತು. ಪಕ್ಕದ ವೆಲ್ಡಿಂಗಿನವನು ಊಟಕ್ಕೆ ಹೋಗಿದ್ದರಿಂದ ಅಲ್ಲಿ ಇರಬೇಕಾದ ಸದ್ದೂ ಇರಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಶೀಟಿನ ಕೆಳಗೆ ಮಾತ್ರ ಸಂಜೆಯಂಥ ಮಬ್ಬು.

ಮಿಷನ್ ಮೇಜಿನ ಮೇಲೆ ಕೂತಿತ್ತು. ತೊಂಬತ್ತು ಸಿಸಿ ದಾಟಿದ್ದು, ಚೈನು ಸುತ್ತುವ ಬಾರು ಮೂರಡಿ ಉದ್ದ. ತೋಟದಂಚಿನ ಸಿಲ್ವರ್ ಓಕಿಗೆಲ್ಲ ಇದು ಬೇಕಾಗುವುದಿಲ್ಲ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಮರಗಳಿಗೆಂದೇ ಇರುವ ಯಂತ್ರ. ಸುತ್ತಲ ನಾಲ್ಕೂ ತಾಲ್ಲೂಕು ಜಾಲಾಡಿದರೆ ಇಂಥವು ಐದಾರು ಸಿಕ್ಕಾವು. ಇದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. ನಂಬರು ಇರಬೇಕಾದ ಜಾಗವನ್ನು ಗ್ರೈಂಡರಿನಲ್ಲಿ ಉಜ್ಜಿ ನುಣ್ಣಗೆ ಮಾಡಿದ್ದರು.

ರಜನೀಶ್ ತಿರುಪು ಬಿಚ್ಚಿ ಮುಚ್ಚಳವನ್ನು ಕೈಗೆ ಕೊಟ್ಟ. ಶಿವಗಂಗಮ್ಮ ಅದರ ಒಳಮಗ್ಗುಲನ್ನು ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು.

ಮುಚ್ಚಳದ ಒಳಗನ್ನೆಲ್ಲ ಯಾರೋ ಪೆಟ್ರೋಲು ಹಾಕಿ ಚೆನ್ನಾಗಿ ತೊಳೆದಿದ್ದರು. ನಟ್ಟನಡುವೆ ಎರಡು ಬೆರಳಗಲ ಜಾಗವನ್ನು ಮಾತ್ರ ಮುಟ್ಟಿರಲಿಲ್ಲ. ಅಲ್ಲಿ ಹಳೆಯ ಕೊಳೆ ಹಾಗೇ ಇತ್ತು. ಕೊಳೆಯ ಮಧ್ಯೆ ಮೂರು ಗೆರೆ ವಿಭೂತಿ, ಅದರ ಮೇಲೊಂದು ಕುಂಕುಮದ ಬೊಟ್ಟು. ವಿಭೂತಿಯ ಮೇಲಿನ ಗೆರೆ ನೆಟ್ಟಗಿರದೆ ಕೊನೆಯಲ್ಲಿ ಬಾಗಿ ಕೆಳಗಿನ ಗೆರೆಗೆ ತಾಗಿತ್ತು.

ಶಿವಗಂಗಮ್ಮ ತಮ್ಮ ಬಲಗೈಯ ತೋರುಬೆರಳು ನೋಡಿಕೊಂಡರು. ಮದುವೆಯಾಗಿ ಬಂದ ಮೂರನೇ ವರ್ಷ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಸೊಟ್ಟಗಾದ ಬೆರಳು. ಸಾಮಿಲ್ಲಿನಲ್ಲಿ ಹತ್ತೂ ಬೆರಳು ನೆಟ್ಟಗಿರುವವರನ್ನು ಹೊಸಬರು ಎಂದೇ ಲೆಕ್ಕ. ಮೂವತ್ತೈದು ವರ್ಷದಿಂದ ಪ್ರತಿ ಆಯುಧಪೂಜೆಗೂ ಮಿಲ್ಲಿನ ಒಂದೊಂದು ಗರಗಸಕ್ಕೂ ಅವರು ಇದೇ ಸೊಟ್ಟ ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಮೇಲೆ ಹಚ್ಚಿದ್ದು ಕೈ ತಾಗಿ ಅಳಿಸಿ ಹೋಗುತ್ತದೆಂದು, ಕೈಯೂ ಎಣ್ಣೆಯೂ ತಾಕದ ಮುಚ್ಚಳದ ಒಳಗೆ ಹಚ್ಚಿಸಿಕೊಳ್ಳುತ್ತಿದ್ದವನು ಒಬ್ಬನೇ. ಮಿಲ್ಲಿಗೆ ಮರ ಕುಯ್ದು ತರುತ್ತಿದ್ದ ದ್ಯಾವಯ್ಯ.

ಅವನು ಸತ್ತು ಎರಡು ವರ್ಷವಾಗಿತ್ತು. ಸತ್ತನೆಂದು ಪೊಲೀಸರು ಹೇಳಿ ಎರಡು ವರ್ಷವಾಗಿತ್ತು ಅನ್ನುವುದು ಸರಿಯಾದೀತು. ಮೊಸಳೆ ಎಂಬ ಊರಿನ ಹತ್ತಿರ ಒಂದು ಗೋಣಿ ಮರ ಅರ್ಧ ಕುಯ್ದು ನಿಂತಿತ್ತು, ಬುಡದಲ್ಲಿ ರಕ್ತವಿತ್ತು, ದ್ಯಾವಯ್ಯನೂ ಇರಲಿಲ್ಲ ಮಿಷನ್ನೂ ಇರಲಿಲ್ಲ. ಕೊಂದು ಹೇಮಾವತಿಗೆ ಎಸೆದನೆಂದು ಜೊತೆಗಾರ ಶಾಂತರಾಜುವನ್ನು ಹಿಡಿದರು. ಸೋಮವಾರ ಹಾಸನದ ಕೋರ್ಟಿನಲ್ಲಿ ಅವನ ತೀರ್ಪು.

"ಏನಮ್ಮಾ, ಫಿಲ್ಟರ್ ಚೆನ್ನಾಗಿಲ್ವಾ?" ಎಂದ ರಜನೀಶ್.

"ಚೆನ್ನಾಗದೆ ಕಣಪ್ಪಾ. ತುಂಬಾ ಚೆನ್ನಾಗದೆ," ಎಂದು ಶಿವಗಂಗಮ್ಮ ಮುಚ್ಚಳವನ್ನು ಪಕ್ಕದಲ್ಲಿದ್ದ ಕವನಾಳ ಕೈಗೆ ದಾಟಿಸಿದರು. ಕವನಾ ಶಾಂತರಾಜುವಿನ ವಕೀಲೆ. ಕಪ್ಪು ಕೋಟನ್ನು ಕಾರಿನಲ್ಲಿ ಬಿಟ್ಟು, ಈ ಹೊತ್ತಿನ ಮಟ್ಟಿಗೆ ಶಿವಗಂಗಮ್ಮನ ಅಣ್ಣನ ಮಗಳಾಗಿದ್ದಳು. ವಾಟ್ಸಾಪ್ ಗುಂಪೊಂದರಲ್ಲಿ ಈ ಮಿಷನ್ನಿನ ಫೋಟೋ ಕಂಡು ಹಿಡಿದವಳೂ ಅವಳೇ. ಅವಳು ಬೊಟ್ಟನ್ನು ನೋಡಿದಳು, ಶಿವಗಂಗಮ್ಮನ ಬೆರಳನ್ನು ನೋಡಿದಳು. ಬೊಟ್ಟು ಅಳಿಸದ ಹಾಗೆ ಅಂಚು ಹಿಡಿದು ಮುಚ್ಚಳವನ್ನು ಮೇಜಿನ ಮೇಲಿಟ್ಟಳು.

ನಂಬರು ಉಜ್ಜಿದ ಕೈಗೆ ಹೆದರಿಕೆಯಿರಲಿಲ್ಲ, ಬಣ್ಣ ಬಳಿದ ಕೈಗೂ ಇರಲಿಲ್ಲ. ಪೂಜೆಯ ಬೊಟ್ಟನ್ನು ಒರೆಸುವಾಗ ಆ ಕೈ ಹಿಂಜರಿದಿತ್ತು. ಕೋರ್ಟಿನಲ್ಲಿ ಹೊಸ ಸಾಕ್ಷಿ ಎಂದು ತೋರಿಸಲು ಅಷ್ಟೇ ಸಾಕಾಗುತ್ತದೋ ಇಲ್ಲವೋ ಶಿವಗಂಗಮ್ಮನಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದು ಇಷ್ಟು: ಇದನ್ನು ತೊಳೆದವರು ದೇವರಿಗೆ ಹೆದರುವವರು, ಮತ್ತು ದ್ಯಾವಯ್ಯನನ್ನು ಚೆನ್ನಾಗಿ ಬಲ್ಲವರು.

ಶಿವಗಂಗಮ್ಮ ಮಿಷನ್ ಓಡಿಸಿ ತೋರಿಸಲು ಹೇಳಿದರು.

ಅಂಗಡಿಯ ಹಿಂದೆ ಹಲಸಿನ ದಿಮ್ಮಿಯೊಂದು ಬಿದ್ದಿತ್ತು. ರಜನೀಶ್ ಮುಚ್ಚಳ ಹಾಕಿ, ಮಿಷನ್ನನ್ನು ನೆಲಕ್ಕಿಟ್ಟು, ಹಿಡಿಗೆ ಕಾಲು ಕೊಟ್ಟು ಹಗ್ಗ ಎಳೆದ. ಆರು ಸಲ ಎಳೆದರೂ ಹತ್ತಲಿಲ್ಲ. ಈ ಮಿಷನ್ನಿಗೆ ಏನೋ ಹಟವಿದೆ, ದಿನಾ ಹೀಗೇ ಕೈ ಕೀಳುತ್ತದೆ ಎಂದು ಬೈದುಕೊಂಡ. ಶಿವಗಂಗಮ್ಮ ಬಗ್ಗಿ, ಮುಚ್ಚಳದ ಮೇಲೆ ಅಂಗೈಯಿಟ್ಟು, ಈಗ ಎಳೆ ಎಂದರು. ಏಳನೆಯ ಎಳೆತಕ್ಕೆ ಅದು ಹೊತ್ತಿಕೊಂಡು ಗರ್ಜಿಸಿತು. ಕವನಾ ಒಂದು ಹೆಜ್ಜೆ ಹಿಂದೆ ಸರಿದಳು. ಕಾರ್ಬೊರೇಟರಿಗೆ ಅಷ್ಟು ಹೊತ್ತಿಗೆ ಪೆಟ್ರೋಲು ಬಂದಿರಬೇಕು ಎಂದು ಶಿವಗಂಗಮ್ಮ ತಮಗೆ ತಾವೇ ಸಮಾಧಾನ ಹೇಳಿಕೊಂಡರು, ಆದರೂ ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಹಳದಿ ಹುಡಿ ಹಾರಿತು. ಬಾರು ದಿಮ್ಮಿಯೊಳಗೆ ನೆಟ್ಟಗೆ ಇಳಿಯಿತು, ಕಾಲು ಭಾಗದವರೆಗೆ. ಆಮೇಲೆ ಎಡಕ್ಕೆ ಬಾಗತೊಡಗಿತು. ರಜನೀಶ್ ಬಲಕ್ಕೆ ಒತ್ತಿದ. ಎಷ್ಟು ಒತ್ತಿದರೂ ಆ ಕಡೆ ಯಾರೋ ಕೂತು ಎಳೆದುಕೊಳ್ಳುವ ಹಾಗೆ ಅದು ಎಡಕ್ಕೇ ಹೋಯಿತು. ತುಂಡು ಬಿದ್ದಾಗ ಕುಯ್ದ ಮುಖ ಮೊರದ ಹಾಗೆ ಬಾಗಿತ್ತು.

ಶಿವಗಂಗಮ್ಮ ಆ ಬಾಗಿನ ಮೇಲೆ ಕೈಯಾಡಿಸಿದರು. ಇಪ್ಪತ್ತು ವರ್ಷ ಈ ಬಾಗಿದ ತುಂಡುಗಳನ್ನು ಮಿಲ್ಲಿಗೆ ಇಳಿಸಿಕೊಂಡು ದ್ಯಾವಯ್ಯನಿಗೆ ಸಹಸ್ರನಾಮ ಹಾಡಿದವರು ಅವರು. ಮೊಸಳೆಯ ಆ ಗೋಣಿ ಮರದಲ್ಲಿಯೂ ಇದೇ ಬಾಗು ಇತ್ತು. ಹಾಲು ಸುರಿಸಿಕೊಂಡು ಅರ್ಧಕ್ಕೇ ನಿಂತಿದ್ದ ಬಾಗು.

"ಬಾರು ಸವೆದಿರ್ಬೇಕು ಬಿಡಿ, ಹೊಸದು ಹಾಕ್ಸ್‌ಕೊಡ್ತೀನಿ," ಎಂದ ರಜನೀಶ್.

ಬಾರನ್ನು ಬಿಚ್ಚಿ, ಕೆಳಗಿನ ಅಂಚು ಮೇಲೆ ಬರುವಂತೆ ಮಗುಚಿ ಹಾಕಿ, ಮತ್ತೊಮ್ಮೆ ಕುಯ್ಯಲು ಶಿವಗಂಗಮ್ಮ ಹೇಳಿದರು. ತಪ್ಪು ಬಾರಿನದಾದರೆ ಮಗುಚಿದ ಮೇಲೆ ಬಲಕ್ಕೆ ಬಾಗಬೇಕು. ರಜನೀಶ್ ಗೊಣಗುತ್ತಲೇ ಮಗುಚಿ ಹಾಕಿದ. ಎರಡನೆಯ ತುಂಡೂ ಎಡಕ್ಕೇ ಬಾಗಿ ಬಿತ್ತು.

ಹಾಗಾದರೆ ತಪ್ಪು ಚೈನಿನದು. ಅಂದರೆ ಚೈನಿಗೆ ಅರ ಹಾಕಿದ ಕೈಯದು.

ಶಿವಗಂಗಮ್ಮ ಕನ್ನಡಕ ಏರಿಸಿ, ಬಿಸಿ ಆರಿದ ಚೈನನ್ನು ಬೆರಳಲ್ಲಿ ಸರಿಸುತ್ತ ಒಂದೊಂದೇ ಹಲ್ಲು ನೋಡಿದರು. ಒಂದು ಮಗ್ಗುಲಿನ ಹಲ್ಲುಗಳೆಲ್ಲ ಉದ್ದ, ಇನ್ನೊಂದು ಮಗ್ಗುಲಿನವು ಕೂದಲೆಳೆಯಷ್ಟು ಗಿಡ್ಡ. ದ್ಯಾವಯ್ಯನ ಬಲಗೈ ಹೆಬ್ಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಒಂದು ಮಗ್ಗುಲಿಗೆ ಅರ ಎಳೆಯುವಾಗ ಮೂರನೆಯ ಎಳೆತಕ್ಕೆ ಅವನ ಹಿಡಿತ ಜಾರಿ ಆ ಹಲ್ಲುಗಳು ಉದ್ದ ಉಳಿಯುತ್ತಿದ್ದವು. ಮಿಲ್ಲಿನ ಜಗಲಿಯ ಮೇಲೆ ಕೂತು ಅವನು ಅರ ಹಾಕುತ್ತಿದ್ದರೆ ಅಡುಗೆಮನೆಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಎರಡು ಉದ್ದ, ಒಂದು ಗಿಡ್ಡ. ಎರಡು ಉದ್ದ, ಒಂದು ಗಿಡ್ಡ.

"ಹಳೇ ಚೈನು, ಅಲ್ವಾ?" ಎಂದು ಸುಮ್ಮನೆ ಕೇಳುವವರ ಹಾಗೆ ಕೇಳಿದರು.

ರಜನೀಶನಿಗೆ ಅವಮಾನವಾಯಿತು. ಕಪಾಟಿನಿಂದ ರಟ್ಟಿನ ಪೆಟ್ಟಿಗೆ ತೆಗೆದು ತೋರಿಸಿದ. "ಹೋದ ತಿಂಗ್ಳು ನಾನೇ ಹಾಕಿರೋ ಹೊಸ ಚೈನು ಅಮ್ಮಾ. ಒಂದೆರಡು ಕಡೆ ಬಾಡಿಗೆಗೆ ಓಯ್ತು, ಮೊಂಡಾಯ್ತು. ಸೋಮವಾರ ಅರ ಹಾಕ್ಸಿ ತರ್ಸಿದೀನಿ."

"ಯಾವ ಸೋಮವಾರ?"

"ಮೊನ್ನೆ ಸೋಮವಾರ."

ಕವನಾ ಶಿವಗಂಗಮ್ಮನ ಮುಖ ನೋಡಿದಳು. ಶಿವಗಂಗಮ್ಮ ದಿಮ್ಮಿಯ ಮೇಲೆ ಕೂತುಬಿಟ್ಟರು. ಎರಡು ವರ್ಷದ ಹಿಂದೆ ಸತ್ತವನು ಮೊನ್ನೆ ಮೊನ್ನೆ ಅರ ಹಾಕಿದ್ದ.

ಅರ ಹಾಕಿದವರು ಯಾರು ಎಂದು ನೇರ ಕೇಳಿದ್ದರೆ ರಜನೀಶ್ ಬಾಯಿ ಬಿಡುತ್ತಿದ್ದನೋ ಇಲ್ಲವೋ. ಶಿವಗಂಗಮ್ಮ ವ್ಯಾಪಾರಸ್ಥರ ಮನೆಯ ಹೆಂಗಸು. ಬಾಗು ಹಾಗಿರಲಿ, ಇಷ್ಟು ಹರಿತ ಬರುವ ಕೈ ಈಗೆಲ್ಲಿ ಸಿಗುತ್ತದೆ, ಈ ಕೈಯನ್ನು ಮಿಲ್ಲಿಗೂ ಗೊತ್ತುಮಾಡಿಕೊಟ್ಟರೆ ಮಿಷನ್ನನ್ನು ಇವತ್ತೇ ಒಯ್ಯುತ್ತೇನೆ ಎಂದರು. ರಜನೀಶ್ ಹಿಗ್ಗಿಹೋದ. ಅರಕಲಗೂಡಿನ ಕಡೆಯಿಂದ ಹೆಂಗಸೊಬ್ಬಳು ಸೋಮವಾರ ಸೋಮವಾರ ಬಸ್ಸಿನಲ್ಲಿ ಬರುತ್ತಾಳೆ, ಮೊಂಡಾದ ಚೈನುಗಳನ್ನು ಸಿಮೆಂಟ್ ಚೀಲದಲ್ಲಿ ತುಂಬಿಕೊಂಡು ಹೋಗಿ ಮುಂದಿನ ಸೋಮವಾರ ಹರಿತ ಮಾಡಿ ತರುತ್ತಾಳೆ, ಮಾತು ಕಡಿಮೆ. ಈ ಮಿಷನ್ನನ್ನೂ ಅವಳೇ ಮಾರಿದ್ದು. ಗಂಡ ತೀರಿಕೊಂಡ, ಮನೆಯಲ್ಲಿ ಕುಯ್ಯುವವರಿಲ್ಲ ಎಂದಿದ್ದಳಂತೆ. ನಂಬರು ಬರುವಾಗಲೇ ಹಾಗಿತ್ತಂತೆ, ಬಣ್ಣ ಮಾತ್ರ ಇವನದು.

ಹೆಸರು ಗೊತ್ತಿರಲಿಲ್ಲ. ಒಂದು ಸಲ ಗಾಡಿಯಲ್ಲಿ ಬಿಟ್ಟುಬಂದಿದ್ದರಿಂದ ಜಾಗ ಗೊತ್ತಿತ್ತು. ಹಳ್ಳಿಮೈಸೂರು ದಾಟಿ ಅರಕಲಗೂಡಿನ ದಿಕ್ಕಿಗೆ ಹೋದರೆ, ಎಡಗಡೆ ಮಣ್ಣಿನ ದಾರಿ, ಒಂಟಿ ಬ್ಯಾರನ್ ಮನೆ.

ದುಡ್ಡು ಎಣಿಸಿಕೊಟ್ಟು, ಮುಚ್ಚಳವನ್ನು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು, ಮಿಷನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಾರಿಗೆ ಗೋಣಿಚೀಲ ಸುತ್ತಿದರು. ಕವನಾ ನಡುನಡುವೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಿದ್ದಳು. ಅಲ್ಲಿ ಮೂರನೆಯವರು ಕೂತಿದ್ದಾರೆ ಎಂದು ಅನ್ನಿಸುತ್ತಿದ್ದುದು ಅವಳೊಬ್ಬಳಿಗೇ ಅಲ್ಲ.

ಹೊಳೆನರಸೀಪುರ ದಾಟಿದ ಮೇಲೆ ಅವಳು ಕೇಸಿನ ಮಾತೆತ್ತಿದಳು. ದ್ಯಾವಯ್ಯ ಬದುಕಿದ್ದರೆ ಕೊಲೆಯೇ ಇಲ್ಲ. ಅವನನ್ನು ಸೋಮವಾರ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಶಾಂತರಾಜು ಅವತ್ತೇ ಮನೆಗೆ ಹೋಗುತ್ತಾನೆ. ನಿಲ್ಲಿಸಲಾಗದಿದ್ದರೆ ಮುಚ್ಚಳದ ಬೊಟ್ಟು ತೋರಿಸಿ ತೀರ್ಪನ್ನು ಮುಂದೂಡಲು ಬೇಡಬಹುದು, ಅದನ್ನು ಅವರು ಕೇಳುತ್ತಾರೆಂಬ ಭರವಸೆ ಅವಳಿಗಿಲ್ಲ.

"ನಿಮ್ಮ ಸಾಕ್ಷೀನೇ ಕೇಸಿಗೆ ಬೆನ್ನೆಲುಬು ಅಮ್ಮಾ," ಎಂದಳು ಮೆಲ್ಲಗೆ. "ಇವತ್ತು ಅದನ್ನ ನೀವೇ ಮುರೀತಿದ್ದೀರ."

ಶಿವಗಂಗಮ್ಮ ಕಿಟಕಿಯಾಚೆ ನೋಡಿದರು. ಆ ಮಾತು ಅವರಿಗೆ ಹೊಸದಲ್ಲ. ಸಾಕ್ಷಿ ಹೇಳಿದ ದಿನದಿಂದ ಅದನ್ನೇ ಮೆಲುಕು ಹಾಕುತ್ತಿದ್ದರು. ಮಿಲ್ಲಿನ ಅಂಗಳದಲ್ಲಿ ದ್ಯಾವಯ್ಯ ಶಾಂತರಾಜು ಇಬ್ಬರೂ ಕತ್ತಿನ ಪಟ್ಟಿ ಹಿಡಿದು ಜಗಳವಾಡಿದ್ದನ್ನು ಕಂಡೆ ಎಂದು ಅವರು ಕೋರ್ಟಿನಲ್ಲಿ ಹೇಳಿದ್ದರು. ಅದು ನಿಜ. ಜಗಳ ಮುಗಿದ ಕಾಲು ಗಂಟೆಗೆ ಇಬ್ಬರೂ ಒಂದೇ ಲೋಟದ ಟೀಯನ್ನು ಹಂಚಿಕೊಂಡು ಕುಡಿದದ್ದೂ ನಿಜ. ಅದನ್ನು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಸಾಕ್ಷಿಕಟ್ಟೆ ಇಳಿಯುವಾಗ ಶಾಂತರಾಜು ಇವರ ಕಡೆ ನೋಡಿ ತಲೆ ಬಾಗಿಸಿ ನಮಸ್ಕಾರ ಮಾಡಿದ್ದ. ಬೈದಿದ್ದರೆ ಇಷ್ಟು ನಿದ್ದೆ ಕೆಡುತ್ತಿರಲಿಲ್ಲ.

ಹಳ್ಳಿಮೈಸೂರು ದಾಟಿ ಮಣ್ಣಿನ ದಾರಿಗೆ ತಿರುಗಿದಾಗ ನಾಲ್ಕು ಗಂಟೆ. ಹೊಗೆಸೊಪ್ಪಿನ ಕಾಲ ಮುಗಿದು ಹೊಲಗಳಲ್ಲಿ ಬರೀ ಕಡ್ಡಿಗಳು ನಿಂತಿದ್ದವು. ದೂರದಲ್ಲಿ ಬ್ಯಾರನ್ ಕಂಡಿತು. ಹೊಗೆಸೊಪ್ಪು ಬೇಯಿಸಲೆಂದು ಕಟ್ಟಿದ ಎರಡಾಳೆತ್ತರದ ಮಣ್ಣಿನ ಗೋಡೆ, ಕಿಟಕಿಯಿಲ್ಲ, ಒಂದೇ ಬಾಗಿಲು, ಬುಡದಲ್ಲಿ ಬೆಂಕಿ ಹಾಕುವ ಕಂಡಿ. ಪಕ್ಕದಲ್ಲಿ ಒಂದು ಹೆಂಚಿನ ಕೊಟ್ಟಿಗೆ. ಸುತ್ತ ಒಂದು ನಾಯಿಯೂ ಇರಲಿಲ್ಲ.

ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಕೂಡಲೇ ಕೇಳಿಸಿತು.

ಸರ್‍ರ್... ಸರ್‍ರ್... ಸರಕ್.

ಶಿವಗಂಗಮ್ಮ ಕವನಾಳ ಮಣಿಕಟ್ಟು ಹಿಡಿದರು. ಎರಡು ಉದ್ದ, ಒಂದು ಗಿಡ್ಡ. ಮತ್ತೆ ಎರಡು ಉದ್ದ, ಒಂದು ಗಿಡ್ಡ. ಅವರ ಕಣ್ಣು ತಾನಾಗಿ ತುಂಬಿಕೊಂಡಿತು. ಅವನು ಬದುಕಿದ್ದಾನೆ ಎಂಬ ಸಂತೋಷ, ಬದುಕಿದ್ದೂ ಶಾಂತರಾಜುವನ್ನು ಜೈಲಿನಲ್ಲಿ ಕೊಳೆಸಿದ ಎಂಬ ಸಿಟ್ಟು, ಎರಡೂ ಒಟ್ಟಿಗೇ ಬಂದವು. ದಡಬಡ ಇಳಿದು ಕಾರಿನ ಬಾಗಿಲು ಹಾಕಿದರು. ಆ ಸದ್ದಿಗೆ ಅರ ನಿಂತಿತು.

ಬ್ಯಾರನ್ನಿನ ಮುಂದೆ, ಮರದ ಕೊರಡಿಗೆ ಚೈನು ಸಿಕ್ಕಿಸಿಕೊಂಡು ಕೂತಿದ್ದವಳು ಹೆಂಗಸು. ತಲೆಯೆತ್ತಿದಳು.

ಮಾರಮ್ಮ. ದ್ಯಾವಯ್ಯನ ಹೆಂಡತಿ. ಗಂಡನ ಮಿಷನ್ ಮನೆಗೆ ಬರಲೇ ಇಲ್ಲ ಎಂದು ಕೋರ್ಟಿನಲ್ಲಿ ಎದೆ ಬಡಿದುಕೊಂಡು ಅತ್ತಿದ್ದವಳು.

ಅವಳು ಓಡಲಿಲ್ಲ, ಅಳಲೂ ಇಲ್ಲ. ಅಮ್ಮಾವ್ರು ಬಂದಿರಾ ಎಂದು ಎದ್ದು ನಿಂತು, ಕೂರಲು ಚಾಪೆ ಕೊಡವಿದಳು. ಶಿವಗಂಗಮ್ಮ ಕೂರದೆ ಕೈಚೀಲದಿಂದ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದರು. ಮಾರಮ್ಮನ ಕಣ್ಣು ಬೊಟ್ಟಿನ ಮೇಲೆ ನಿಂತಿತು.

"ನಂಬರು ಉಜ್ಜಿದ್ದು ನೀನೇನಾ?"

"ಊಂ."

"ಇದನ್ಯಾಕೆ ಬಿಟ್ಟೆ?"

"ನೀವು ಇಟ್ಟಿದ್ದು ಅಮ್ಮಾವ್ರೇ," ಎಂದಳು ಮಾರಮ್ಮ. "ಅಂಗೆ ಒರಸಾಕ್ಬುಡಕಾಯ್ತದಾ? ಬಟ್ಟೆ ತಕಂಡೆ. ಕೈ ಓಗ್ನಿಲ್ಲ."

ಮಿಷನ್ ಮನೆಗೆ ಹೇಗೆ ಬಂತು ಎಂದು ಕವನಾ ಕೇಳಿದಳು. ಮಾರಮ್ಮ ಅವಳ ಕಡೆ ತಿರುಗಲಿಲ್ಲ. ಶಿವಗಂಗಮ್ಮ ಮತ್ತೆ ಅದನ್ನೇ ಕೇಳಿದರು. ಗಂಡ ಹೋದ ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಇತ್ತು, ಯಾರು ತಂದಿಟ್ಟರೋ ಕಾಣೆ, ಪೊಲೀಸರಿಗೆ ಹೇಳಲು ಹೆದರಿಕೆಯಾಯಿತು ಎಂದಳು. ಪಾಠ ಒಪ್ಪಿಸುವವರ ದನಿ. ಶಿವಗಂಗಮ್ಮ ಅದನ್ನು ಅಲ್ಲಿಗೇ ಬಿಟ್ಟರು.

"ಆಯ್ತು. ಈ ಚೈನಿಗೆ ಅರ ಹಾಕ್ದೋರು ಯಾರು?"

"ನಾನೇಯ."

"ಸುಳ್ಳು ಯೋಳ್ಬ್ಯಾಡ ಕಣವ್ವ. ಆ ಕೈ ನಂಗೊತ್ತಿಲ್ವಾ?"

ಮಾರಮ್ಮ ಕೊರಡಿನ ಮುಂದೆ ಕೂತಳು. ಅರವನ್ನು ಕೈಗೆತ್ತಿಕೊಂಡು, ಬಲಗೈಯ ಹೆಬ್ಬೆರಳನ್ನು ಗೆಣ್ಣಿಗೆ ಮಡಚಿ ಒಳಗಿಟ್ಟುಕೊಂಡಳು. ಎರಡು ಸಲ ಉದ್ದಕ್ಕೆ ಎಳೆದಳು. ಮೂರನೆಯದಕ್ಕೆ ಕೈ 'ಸರಕ್' ಎಂದು ಜಾರಿತು. ಮುಂದಿನ ಹಲ್ಲು. ಎರಡು ಉದ್ದ, ಒಂದು ಗಿಡ್ಡ. ನೆಟ್ಟಗಿರುವ ಬೆರಳನ್ನು ಮಡಚಿಕೊಂಡು, ಇಲ್ಲದವನ ಕೈಯನ್ನು ತನ್ನ ಕೈಯೊಳಗೆ ತೊಟ್ಟುಕೊಂಡು ಅವಳು ಅರ ಎಳೆಯುತ್ತಿದ್ದುದನ್ನು ನೋಡಲು ಶಿವಗಂಗಮ್ಮನಿಗೆ ಆಗಲಿಲ್ಲ.

"ಅವ್ರು ಕಲ್ಸಿದ್ದು ಇಂಗೇಯ," ಎಂದಳು ಮಾರಮ್ಮ ತಲೆಯೆತ್ತದೆ. "ಅವ್ರ್ಗೆ ಕಣ್ಣು ಮಂಜಾದ ಮ್ಯಾಲೆ ನಾನೇ ಆಕ್ತಿದ್ದೆ. ನಿಮ್ಗೆ ಯೋಳ್ಬ್ಯಾಡ ಅಂದಿದ್ರು. ನಾಚ್ಕೆ ಅವ್ರ್ಗೆ."

ಕವನಾ ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದಳು. ಅಷ್ಟೇ. ಸತ್ತವನು ಸತ್ತೇ ಇದ್ದ, ಅವನ ಹೆಂಡತಿ ಅವನ ಹಾಗೆ ಅರ ಹಾಕಿ ಹೊಟ್ಟೆ ಹೊರೆಯುತ್ತಿದ್ದಳು. ಚನ್ನರಾಯಪಟ್ಟಣದಿಂದ ಇಲ್ಲಿಯತನಕ ಕಟ್ಟಿಕೊಂಡು ಬಂದ ಆಸೆ ಒಂದೇ ಏಟಿಗೆ ಕುಸಿಯಿತು. ಸೋಮವಾರಕ್ಕೆ ಉಳಿದದ್ದು ಎರಡು ದಿನ, ಒಂದು ಕುಂಕುಮದ ಬೊಟ್ಟು.

ಈಗ ಶಿವಗಂಗಮ್ಮ ಚಾಪೆಯ ಮೇಲೆ ಕೂತರು. ಕೂತಾಗ ಕಣ್ಣು ಅತ್ತ ಇತ್ತ ಹೋಯಿತು. ಕೊಟ್ಟಿಗೆಯ ಗೋಡೆಗೆ ಎರಡು ತಟ್ಟೆ ತೊಳೆದು ಒರಗಿಸಿದ್ದರು. ಎರಡರ ಅಂಚಿನಲ್ಲೂ ಮುದ್ದೆಯ ಅಂಟು ಇನ್ನೂ ಒಣಗಿರಲಿಲ್ಲ. ಬ್ಯಾರನ್ನಿನ ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ ಹಾಕಿತ್ತು. ಚಿಲಕಕ್ಕೆಲ್ಲ ತುಕ್ಕು, ಬೀಗಕ್ಕೆ ಮಾತ್ರ ಎಣ್ಣೆ ಸವರಿದ ಹೊಳಪು. ಬೆಂಕಿ ಹಾಕುವ ಕಂಡಿಯಲ್ಲಿ ಬೂದಿ ಇರಲಿಲ್ಲ, ನೆಲ ಗುಡಿಸಿದ ಹಾಗೆ ಚೊಕ್ಕಟವಾಗಿತ್ತು.

"ಒಬ್ಳೇ ಇದ್ದೀಯಾ ಮಾರಮ್ಮ?"

"ಇನ್ಯಾರವ್ರೆ ಅಮ್ಮಾವ್ರೇ ನಂಗೆ," ಎಂದು ಅವಳು ಅರವನ್ನು ಚಾಪೆಯ ಮೇಲಿಟ್ಟು ಎದ್ದಳು. ಬಿಸಿಲಲ್ಲಿ ಬಂದಿದ್ದೀರ, ನೀರು ತರುತ್ತೇನೆ ಎಂದು ಹತ್ತು ಹೆಜ್ಜೆ ಆಚೆಗಿದ್ದ ಕೊಳಾಯಿಗೆ ಹೋದಳು. ಶಿವಗಂಗಮ್ಮನ ಮೊಣಕಾಲಿನ ಪಕ್ಕದಲ್ಲೇ ಅರ ಬಿದ್ದಿತ್ತು. ಅವರು ಅದನ್ನು ಮುಟ್ಟಿ ನೋಡಿದರು. ಇನ್ನೂ ಬೆಚ್ಚಗಿತ್ತು.

ಆಗ ಬ್ಯಾರನ್ನಿನ ಒಳಗಿನಿಂದ ಸದ್ದು ಬಂತು.

ಸರ್‍ರ್... ಸರ್‍ರ್... ಸರಕ್.

ದಪ್ಪ ಗೋಡೆಯಾಚೆಯಿಂದ, ಮೆಲ್ಲಗೆ. ಮಾರಮ್ಮ ಅರ ಹಾಕಿ ತೋರಿಸಿದ್ದು ತನ್ನನ್ನು ಕರೆದದ್ದು ಎಂದುಕೊಂಡು ಯಾರೋ ಓಗೊಡುತ್ತಿದ್ದರು.

ಕೊಳಾಯಿಯ ಹತ್ತಿರ ಮಾರಮ್ಮ ಬೆನ್ನು ತಿರುಗಿಸಿ ನಿಂತೇ ಇದ್ದಳು. ಚೊಂಬು ತುಂಬಿ ನೀರು ಅವಳ ಪಾದದ ಮೇಲೆ ಹರಿಯುತ್ತಿತ್ತು. ಕವನಾ ಬಾಗಿಲಿಗೆ ಓಡಿ ಬೀಗ ಹಿಡಿದು ಜಗ್ಗಿದಳು. ಒಳಗಿನ ಅರ ನಿಲ್ಲದೆ ತನ್ನ ಪಾಡಿಗೆ ಎರಡು ಉದ್ದ, ಒಂದು ಗಿಡ್ಡ ಎಳೆಯುತ್ತಲೇ ಇತ್ತು.

"ಕೀ ಕೊಡು ಮಾರಮ್ಮ," ಎಂದರು ಶಿವಗಂಗಮ್ಮ. "ಸೋಮವಾರ ಒಂದು ಜೀವ ಓಗ್ತದೆ. ಆ ಶಾಂತರಾಜನ ಮುಖ ನೋಡಾದ್ರೂ ಕೊಡು."

ಮಾರಮ್ಮ ತಿರುಗಿದಳು. ಕೊರಳಿನ ದಾರವನ್ನು ಹೊರಗೆಳೆದಳು. ತಾಳಿ ಇರಬೇಕಾದ ಕಡೆ ಕೀಲಿಕೈ ತೂಗುತ್ತಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಅವ್ನ ಮುಖ ನೋಡೇ ಕೊಡ್ತಿಲ್ಲ ಅಮ್ಮಾವ್ರೇ," ಎಂದಳು. "ಏನಾರ ಆಗ್ಲಿ, ನನ್ನ ನೇಣ್ಗಾಕುದ್ರೂ ಸರಿ, ಆ ಬಾಗ್ಲು ತಗೀಬ್ಯಾಡ ಅಂತ ಜೈಲಿಂದ ಯೋಳ್ಕಳ್ಸಿರೋನು ಶಾಂತರಾಜನೇಯ."

ಕವನಾಳ ಕೈ ಬೀಗದ ಮೇಲೇ ನಿಂತಿತು. ಎರಡು ವರ್ಷ ಆ ಮನುಷ್ಯನ ಪಕ್ಕದಲ್ಲಿ ಕೂತು ಕೇಸು ನಡೆಸಿದ್ದಳು ಅವಳು. ಶಿವಗಂಗಮ್ಮನಿಗೆ ಸಾಕ್ಷಿಕಟ್ಟೆಯ ಆ ನಮಸ್ಕಾರ ನೆನಪಿಗೆ ಬಂತು.

ಒಳಗೆ ಅರ ಮತ್ತೆ ಎಳೆಯಿತು. ಒಂದು ಉದ್ದ. ಎರಡು ಉದ್ದ.

ಮೂರನೆಯದಕ್ಕೆ ಮೂವರೂ ಉಸಿರು ಹಿಡಿದು ಕಾದರು. ಅದು ಬರಲಿಲ್ಲ.